ಮೂರನೆಯ ಕೂಗು

ಒದ್ದೆ ಹತ್ತಿಬಟ್ಟೆಯ ಮೇಲೆ ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆ ಕೂತ ಕೂಡಲೇ ಒಂದು ವಾಸನೆ ಏಳುತ್ತದೆ. ಅರ್ಧ ಒಗೆದದ್ದರ ವಾಸನೆ, ಅರ್ಧ ಸುಟ್ಟದ್ದರ ವಾಸನೆ. ಅಡ್ಯಾರಿನ ನಮ್ಮ ಫ್ಲ್ಯಾಟಿನ ಕೆಳಗೆ, ಕಾಂಪೌಂಡಿಗೆ ಒರಗಿಸಿದ ತಳ್ಳುಗಾಡಿಯಲ್ಲಿ, ಇಂದಿಗೂ ಇದ್ದಿಲಿನ ಪೆಟ್ಟಿಗೆಯನ್ನೇ ನಂಬಿಕೊಂಡ ಮಹಾನುಭಾವನೊಬ್ಬನಿದ್ದಾನೆ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಆ ವಾಸನೆ ಮಹಡಿ ಹತ್ತಿ ನನ್ನ ಕಿಟಕಿಗೆ ಬರುತ್ತದೆ. ಉಳಿದವರಿಗೆ ಅದರಿಂದ ನಾಳೆಯ ಆಫೀಸು ನೆನಪಾಗುತ್ತದೆ. ನಾನು ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಬೀದಿಯ ಕಡೆಗೆ ಕಿವಿಗೊಟ್ಟು ಕೂರುತ್ತೇನೆ. ಎಂಬತ್ತರ ಅಂಚಿನ ಹೆಂಗಸು ಹೀಗೆ ಕೂತಿರುವುದನ್ನು ಕಂಡರೆ ಮನೆಯವರು ಡಾಕ್ಟರಿಗೆ ಫೋನು ಮಾಡುತ್ತಾರೆಂದು ಗೊತ್ತಿರುವುದರಿಂದ ಹುರುಳೀಕಾಯಿಯ ನಾರು ತೆಗೆಯುವವಳ ಹಾಗೆ ನಟಿಸುತ್ತೇನೆ. ಕಾರಣ ಇಷ್ಟೇ: ಚಿಕ್ಕವಳಿದ್ದಾಗ ನಾನೊಂದು ಇಂಗ್ಲಿಷ್ ಸಿನಿಮಾ ನೋಡಿದೆ. ಅದರ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಗೆಗೂ ಸರಿಯಾಗಿ ಹೊರಳಲಿಲ್ಲವಾದ್ದರಿಂದ ಅದು 'ಕೂಗೋ ಸಿನಿಮಾ' ಎಂದೇ ನಮ್ಮ ಕುಟುಂಬದ ಚರಿತ್ರೆಗೆ ಸೇರಿತು. ಬಲ್ಲವರು ಅದನ್ನು ವಿಜ್ಞಾನದ ಸಿನಿಮಾ ಎನ್ನಬೇಕೋ ದೆವ್ವದ ಸಿನಿಮಾ ಎನ್ನಬೇಕೋ ಎಂದು ಈಗಲೂ ಚರ್ಚಿಸುತ್ತಾರಂತೆ. ನಮ್ಮ ಮನೆಯ ಮಟ್ಟಿಗೆ ಅದು ಧರ್ಮಶಾಸ್ತ್ರದ ಸಿನಿಮಾ.

ಈಗ ಸೀರೆಯಂಗಡಿಗಳ ನಡುವೆ ಚೀಲವನ್ನು ಎದೆಗವಚಿಕೊಂಡು ಓರೆಯಾಗಿ ನಡೆಯಬೇಕಾದ ಟಿ. ನಗರದಲ್ಲಿ, ಆಗ ಮಧ್ಯಾಹ್ನದ ಹೊತ್ತು ಬೇವಿನ ಹೂ ನೆಲಕ್ಕೆ ಬೀಳುವುದೂ ಕೇಳಿಸುತ್ತಿತ್ತು ಎಂದರೆ ನೀವು ನಂಬಬೇಕಾಗಿಲ್ಲ. ಈಚೆಗೆ ನಾನೂ ಅಷ್ಟಾಗಿ ನಂಬುವುದಿಲ್ಲ. ಅಲ್ಲಿ ನಮ್ಮದೊಂದು ಮನೆಯಿತ್ತು. ಬೀದಿಗೆ ಮರದ ಗೇಟು, ಗೇಟು ದಾಟಿದರೆ ಕೆಂಪು ಗಾರೆಯ ಜಗಲಿ, ಒಳಗೆ ಉಯ್ಯಾಲೆ ತೂಗುಹಾಕಿದ ಹಜಾರ, ಹಿತ್ತಿಲಲ್ಲಿ ಬಾವಿ. ತಲೆಮಾರುಗಳಿಂದ ಮದ್ರಾಸಿನ ನೀರು ಕುಡಿದು ನಮ್ಮ ಕನ್ನಡ ಅರ್ಧ ತಮಿಳಾಗಿ ಹೋಗಿತ್ತು. ಆದರೆ ಆಚಾರ ಒಂದಿಷ್ಟೂ ಕರಗದೆ ನಿಂತಿತ್ತು, ಏಕೆಂದರೆ ಅದರ ಕಾವಲಿಗೆ ಅಜ್ಜಿ ಇದ್ದಳು. ಅಜ್ಜಿಯೆಂದರೆ ಅಪ್ಪನ ತಾಯಿ. ಹರೆಯದಲ್ಲೇ ಗಂಡ ತೀರಿಕೊಂಡಾಗ, ಅಂದಿನ ಪದ್ಧತಿಯಂತೆ ಅವಳ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಅಂದಿನಿಂದ ಸೆರಗನ್ನು ಹಣೆಯವರೆಗೆ ಎಳೆದುಕೊಂಡೇ ಅವಳು ಮುದುಕಿಯಾದಳು. ತಿಂಗಳಿಗೊಮ್ಮೆ ಹಿತ್ತಿಲ ಬಾಗಿಲಿಗೆ ಕ್ಷೌರಿಕ ಬರುತ್ತಿದ್ದ. ಆ ಬೆಳಗ್ಗೆ ಮಕ್ಕಳು ಹಿತ್ತಿಲಿಗೆ ಹೋಗುವಂತಿರಲಿಲ್ಲ. ಅಜ್ಜಿ ತಿರುಗಿ ಒಳಗೆ ಬಂದಾಗ ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ನೋಡಬಾರದೆಂದು ಯಾರೂ ಹೇಳಿಕೊಟ್ಟಿರಲೂ ಇಲ್ಲ.

ಆ ಮನೆಯಲ್ಲಿ ಅಪ್ಪನ ಅಕ್ಕ, ನನ್ನ ಕಾವೇರಿ ಅತ್ತೆಯೂ ಇದ್ದಳು. ಮೂವತ್ತು ದಾಟಿದ್ದ ಅತ್ತೆಗೆ ಮೊಣಕಾಲು ಮುಟ್ಟುವ ಕೂದಲು, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ, ದೊಡ್ಡ ಕುಂಕುಮ. ಇಷ್ಟೆಲ್ಲ ಇದ್ದು, ಅದಕ್ಕೆಲ್ಲ ಕಾರಣನಾದ ಗಂಡ ಮಾತ್ರ ಇರಲಿಲ್ಲ. ಯುದ್ಧದ ಕಾಲದಲ್ಲಿ ಜಪಾನಿನವರು ಬಾಂಬು ಹಾಕುತ್ತಾರೆಂದು ಮದ್ರಾಸಿಗೆ ಮದ್ರಾಸೇ ಖಾಲಿಯಾಯಿತಂತೆ. ನಮ್ಮ ಮನೆಯವರೂ ಗಂಟುಮೂಟೆ ಕಟ್ಟಿಕೊಂಡು ಕುಂಭಕೋಣದ ನೆಂಟರ ಮನೆಗೆ ಹೊರಟರು. ಅತ್ತೆಯ ಗಂಡ ಶ್ರೀಪತಿ ಮಾಮ ಮಾತ್ರ ಮನೆ ಕಾಯಲು ಉಳಿದ. "ಬಾಂಬು ಬಂದ್ರೆ ಸಹಿ ಹಾಕಿ ತೊಗೊಳ್ಳೋಕೆ ಒಬ್ಬರಾದ್ರೂ ಇರಬೇಡ್ವಾ?" ಎಂದು ರೈಲಿನ ಕಿಟಕಿಯ ಹತ್ತಿರ ನಿಂತು ನಗಿಸಿದನಂತೆ. ಊರಿನ ಭಯ ಇಳಿದು ಇವರು ವಾಪಸು ಬಂದಾಗ ಮನೆಗೆ ಬೀಗ, ಬೀಗದ ಕೈ ಪಕ್ಕದ ಮನೆಯ ಮಾಮಿಯ ಹತ್ತಿರ, ಮಾಮ ಎಲ್ಲೂ ಇಲ್ಲ. ಬಾಂಬೂ ಬಿದ್ದಿರಲಿಲ್ಲ. ಪೊಲೀಸಿನವರನ್ನು ಕೇಳಿದ್ದಾಯಿತು, ಮಠಗಳಲ್ಲಿ ಹುಡುಕಿದ್ದಾಯಿತು. ತಿರುವೊಟ್ಟಿಯೂರಿನ ಗುಡಿಯ ಹತ್ತಿರ ಕಂಡೆ ಎಂದವರೂ ಇದ್ದರು. ಹೋಗಿ ನೋಡಿದರೆ ಅವನು ಬೇರೆ ಯಾರೋ, ತನ್ನನ್ನು ಯಾರಾದರೂ ಹುಡುಕಿಕೊಂಡು ಬಂದರಲ್ಲ ಎಂದು ಸಂತೋಷಪಟ್ಟನಂತೆ.

ನಾನು ಹುಟ್ಟುವ ಮೊದಲೇ ಮಾಯವಾದ ಈ ಮಾಮನ ಬಗ್ಗೆ ನನಗೆ ಗೊತ್ತಿದ್ದ ಒಂದೇ ಸಂಗತಿಯೆಂದರೆ ಅವನ ದುರಭ್ಯಾಸ. ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಿದ್ದ. ಮರ್ಯಾದಸ್ಥ ಗಂಡಂದಿರು 'ಇವಳೇ' ಎಂದೋ, 'ಕೇಳಿಸ್ತಾ' ಎಂದೋ, ಬರಿಯ ಕೆಮ್ಮಿನಿಂದಲೋ ಸಂಸಾರ ಪೂರೈಸುತ್ತಿದ್ದ ಕಾಲದಲ್ಲಿ ಇವನು ಗೇಟಿನಲ್ಲಿ ನಿಂತೇ "ಕಾವೇರೀ..." ಎಂದು, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆಳೆದು, ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದನಂತೆ. ಅಜ್ಜಿಗೆ ಇದು ಮಹಾ ಅಪಚಾರ. "ಹೆಂಡ್ತೀನ ಕೂಗ್ತಾನೋ, ಬಸ್ಸಿಗೆ ಜನ ಸೇರಿಸ್ತಾನೋ," ಎನ್ನುತ್ತಿದ್ದಳಂತೆ. ಅವನು ಹೋದ ಮೇಲೆ ನಮ್ಮ ಮನೆಯಲ್ಲಿ ಅತ್ತೆಯನ್ನು ಹೆಸರಿನಿಂದ ಕರೆದ ಗಂಡಸೇ ಇಲ್ಲ.

ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಶಾಸ್ತ್ರ ಸತ್ತವನೆಂದೇ ಎಣಿಸುತ್ತದೆ. ಮುತ್ತುಗದೆಲೆಯಿಂದ ಆಳಿನ ಆಕಾರ ಕಟ್ಟಿ, ಅದನ್ನು ದಹನ ಮಾಡಿ, ಸೂತಕ ಹಿಡಿದು, ಹತ್ತನೆಯ ದಿನ ಹೆಂಡತಿಯ ಬಳೆ ಒಡೆಯುತ್ತಾರೆ. ನಮ್ಮಂಥ ಮನೆಯಲ್ಲಾದರೆ ಅದು ಬಳೆಗೇ ನಿಲ್ಲುತ್ತಿರಲಿಲ್ಲ. ಹಿತ್ತಿಲ ಬಾಗಿಲಿಗೆ ಕ್ಷೌರಿಕ ಬರುತ್ತಿದ್ದ. ನಾನು ಹೇಳುತ್ತಿರುವ ವರ್ಷದ ಪುಷ್ಯ ಮಾಸಕ್ಕೆ ಆ ಗಡುವು ಮುಗಿಯುವುದಿತ್ತು. ನಮ್ಮ ಪುರೋಹಿತರಾದ ವೆಂಕೋಬಾಚಾರ್ರು ಬಂದಾಗಲೆಲ್ಲ ಅದನ್ನು ಬಾಯಿಬಿಟ್ಟು ಹೇಳದೆ, ಅತ್ತೆಯ ಕೂದಲಿನ ಕಡೆ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಆ ನಿಟ್ಟುಸಿರಿನ ಅರ್ಥ ಮನೆಯ ಬೆಕ್ಕಿಗೂ ಗೊತ್ತಿತ್ತು.

ಹೀಗಿರುವಾಗ ಅಪ್ಪ ಸಿನಿಮಾಕ್ಕೆ ಕರೆದುಕೊಂಡು ಹೋದ. ಅದು ನಡೆದದ್ದು ಆಫೀಸಿನ ಸಾಹೇಬರ ಒಂದು ಮಾತಿನಿಂದ. ಮೌಂಟ್ ರೋಡಿನ ಥಿಯೇಟರಿಗೆ ಒಂದು ಇಂಗ್ಲಿಷ್ ಸಿನಿಮಾ ಬಂದಿದೆ, ಸಮುದ್ರದ ವಿಷಯ, ಪೂರ್ತಿ ವೈಜ್ಞಾನಿಕ, ಮಕ್ಕಳಿಗೆ ತೋರಿಸಬೇಕು ಎಂದು ಅವರು ಹೇಳಿದ್ದರು. ಸಾಹೇಬರೂ ಅದನ್ನು ನೋಡಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. "ಸಮುದ್ರ ಅಂದ್ರೆ ಸಮುದ್ರಮಥನ ಇರುತ್ತಾ?" ಎಂದು ಅಜ್ಜಿ ಕೇಳಿದಳು. ತಾಯಿಗೆ ಎಂದೂ ಸುಳ್ಳು ಹೇಳದ ಅಪ್ಪ ಸ್ವಲ್ಪ ಯೋಚಿಸಿ, "ಇದ್ರೂ ಇರಬಹುದು," ಎಂದ. ಬಂದ ಮೇಲೆ ಸ್ನಾನ ಮಾಡಿದರಾಯಿತೆಂದು ಅಜ್ಜಿ ಹೊರಟಳು, ಕೈಯಲ್ಲಿ ಬಾವಿಯ ನೀರು ತುಂಬಿದ ಹಿತ್ತಾಳೆಯ ಚೊಂಬು. ಅಮ್ಮ ಕೋಡುಬಳೆ ಕಟ್ಟಿಕೊಂಡಳು. ಅತ್ತೆ ನನ್ನ ಕೈ ಹಿಡಿದುಕೊಂಡಳು. ಟೈ ಕಟ್ಟಿದವರೂ ಗೌನು ತೊಟ್ಟವರೂ ಕೂತ ಆ ಥಿಯೇಟರಿನಲ್ಲಿ ನಮ್ಮ ಸಾಲು ಒಂದು ಸಣ್ಣ ಮಠದ ಹಾಗೆ ಕಂಡಿರಬೇಕು.

ದೀಪ ಆರಿತು. ಯಾವುದೋ ಚಳಿಯ ದೇಶದ ಕಡಲ ತೀರ, ಮೀನುಗಾರರ ಹಳ್ಳಿ, ಒಂದು ದೀಪಸ್ತಂಭ. ಆಕಾಶದಿಂದ ಉರಿಯುತ್ತ ಬಂದ ಏನೋ ಒಂದು ಸಮುದ್ರಕ್ಕೆ ಬೀಳುತ್ತದೆ. ಮರುದಿನದಿಂದ ಸಂಜೆಯ ಹೊತ್ತು ಮಂಜು ನೀರಿನಿಂದ ಹತ್ತಿ ಬೀದಿಗೆ ಬರುತ್ತದೆ. ಅದರೊಳಗೆ ಏನನ್ನೋ ಕಂಡು ಒಂದು ನಾಯಿ ಬೊಗಳುತ್ತದೆ. ಒಬ್ಬ ಮೀನುಗಾರ ಕಾಣೆಯಾಗುತ್ತಾನೆ. ಎರಡು ದಿನಕ್ಕೆ ಅವನ ತಮ್ಮನ ಮನೆಯ ಹೊರಗೆ ಅವನದೇ ಧ್ವನಿ ತಮ್ಮನ ಹೆಸರು ಹಿಡಿದು ಕರೆಯುತ್ತದೆ. ಒಂದೇ ಸಲ. ತಮ್ಮ ಎದ್ದು ಓಡಿದ. "ಅಯ್ಯೋ ಮುಂಡೇದೇ, ಇರೋ!" ಎಂದು ಅಜ್ಜಿ ಗಟ್ಟಿಯಾಗಿ ಕೂಗಿದಳು. ಮುಂದಿನ ಸಾಲಿನ ದೊರೆಗಳು ತಿರುಗಿ ನೋಡಿದರು. ತಮ್ಮನೂ ಹೋದ. ಆಮೇಲೆ ತಮ್ಮನ ಧ್ವನಿ ಅವನ ಹೆಂಡತಿಯನ್ನು ಕರೆಯಿತು. ಹೀಗೇ ಊರು ಖಾಲಿಯಾಗುತ್ತ ಬಂತು. ಬಾಯಲ್ಲಿ ಪೈಪು ಕಚ್ಚಿದ ವಿಜ್ಞಾನಿಯೊಬ್ಬ ಕಪ್ಪುಹಲಗೆಯ ಮುಂದೆ ನಿಂತು ವಿವರಿಸಿದ. ಅಪ್ಪ ಪಿಸುಮಾತಿನಲ್ಲಿ ಅದನ್ನು ನಮ್ಮ ಭಾಷೆಗೆ ಇಳಿಸಿದ: ಬಂದಿರುವುದಕ್ಕೆ ಸ್ವಂತ ಧ್ವನಿಯಿಲ್ಲ, ನುಂಗಿದವರ ಧ್ವನಿಯಲ್ಲಿ ಮಾತ್ರ ಅದು ಕರೆಯಬಲ್ಲದು. ಅಂದರೆ ಯಾರ ಧ್ವನಿ ಕೇಳಿತೋ ಅವರು ಆಗಲೇ ಸತ್ತಿದ್ದಾರೆ. ಅದರ ಆಕಾರವನ್ನು ಕೊನೆಯವರೆಗೂ ತೋರಿಸಲಿಲ್ಲ. ಮಂಜು, ಬಾಗಿಲು, ಧ್ವನಿ, ಅಷ್ಟೇ.

ನನ್ನನ್ನು ಇಷ್ಟು ವರ್ಷ ಬಿಡದೆ ಹಿಡಿದಿರುವ ಭಾಗ ಇನ್ನೊಂದು. ದೀಪಸ್ತಂಭದ ಕಾವಲುಗಾರನೂ ಕಾಣೆಯಾಗುತ್ತಾನೆ. ಅವನ ಹೆಂಡತಿ ವಿಜ್ಞಾನಿಯ ಮಾತನ್ನೆಲ್ಲ ಕೇಳಿಸಿಕೊಂಡವಳು, ಎಲ್ಲ ತಿಳಿದವಳು. ಸಂಜೆ ಒಬ್ಬಳೇ ಮೇಜಿನ ಮುಂದೆ ಕೂತಿದ್ದಾಳೆ. ಹೊರಗಿನಿಂದ ಗಂಡನ ಧ್ವನಿ ಅವಳ ಹೆಸರು ಕರೆಯುತ್ತದೆ. ಅವಳು ಹೆದರುವುದಿಲ್ಲ. ಎದ್ದು, ಸೊಂಟದ ಅಡಿಗೆಬಟ್ಟೆ ಬಿಚ್ಚಿ ಮಡಿಸಿಡುತ್ತಾಳೆ, ಕನ್ನಡಿಯಲ್ಲಿ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಾಳೆ, 'ಬಂದೆ' ಎನ್ನುತ್ತಾಳೆ, ಬಾಗಿಲು ತೆರೆಯುತ್ತಾಳೆ. ಅವಳ ಮುಖ ಒಂದೇ ಪರದೆಯ ತುಂಬ ನಿಲ್ಲುತ್ತದೆ. ಅದರ ಮೇಲೆ ಮಂಜಿನ ಬೆಳಕು ಬೀಳುತ್ತದೆ. ಥಿಯೇಟರಿನಲ್ಲಿ ಯಾರೋ ಚೀರಿದರು. ನನ್ನ ಕೈ ಹಿಡಿದಿದ್ದ ಅತ್ತೆಯ ಬಳೆಗಳು ನನ್ನ ಮಣಿಕಟ್ಟಿಗೆ ಒತ್ತಿ ಗುರುತು ಮೂಡಿತು. ಅದಾದ ಮೇಲೆ ಸೈನ್ಯ ಬಂದು ಏನೇನೋ ಸುಟ್ಟುಹಾಕಿ ಲೋಕವನ್ನು ಉಳಿಸಿತು. ಆ ಭಾಗ ನಮ್ಮ ಸಾಲಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ತೀರ್ಪು ಕೊಟ್ಟಳು. "ಅಷ್ಟು ಓದಿದ ಜನ. ಪೈಪು ಸೇದ್ತಾನೆ, ಬೋರ್ಡಲ್ಲಿ ಬರೀತಾನೆ. ಮೂರನೇ ಕೂಗಿಗೆ ಓಗೊಡಬೇಕು ಅಂತ ಹೇಳಿಕೊಡೋಕೆ ಆ ಊರಲ್ಲಿ ಒಂದು ಮುದುಕಿ ಇರಲಿಲ್ವಾ?"

ಇದು ನಮ್ಮ ಮನೆಯ ಹಳೆಯ ಕಟ್ಟಳೆ. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲನೆಯ ಕೂಗಿಗೆ ಉತ್ತರ ಕೊಡಬಾರದು, ಎರಡನೆಯದಕ್ಕೂ ಕೊಡಬಾರದು. ಮನುಷ್ಯರಾದರೆ ಮೂರನೆಯ ಸಲ ಕರೆಯುತ್ತಾರೆ. ಮತ್ತೊಂದಕ್ಕೆ ಮೂರು ಸಲ ಕರೆಯುವ ಶಕ್ತಿಯಿಲ್ಲ. ಮದ್ರಾಸಿಗೆ ವಿದ್ಯುದ್ದೀಪ ಬಂದ ಮೇಲೆ ಈ ಕಟ್ಟಳೆ ಸಡಿಲವಾಗಿ, ಅಜ್ಜಿ ಒಬ್ಬಳೇ ಅದನ್ನು ಪಾಲಿಸುತ್ತಿದ್ದಳು. ಸಿನಿಮಾದ ಮರುದಿನದಿಂದ ಅದು ಮನೆಗೆಲ್ಲ ಜಾರಿಗೆ ಬಂತು. ಅಮೆರಿಕದ ವಿಜ್ಞಾನವೇ ಒಪ್ಪಿದ ಮೇಲೆ ಅಪ್ಪನೂ ಏನು ಹೇಳುತ್ತಾನೆ? ಆಫೀಸಿನಿಂದ ದಣಿದು ಬಂದವನು ತನ್ನ ಮನೆಯ ಗೇಟಿನಲ್ಲೇ ನಿಂತು, ಹೆತ್ತ ಮಗಳಾದ ನನ್ನನ್ನು "ಪದ್ದು, ಪದ್ದೂ, ಪದ್ದೂಊ" ಎಂದು ಕರೆದು ತಾನು ಮನುಷ್ಯನೆಂದು ರುಜುವಾತುಪಡಿಸಬೇಕಾಯಿತು. ಪಕ್ಕದ ಮನೆಯ ಮಾಮಿ ಮೊಸರಿಗೆ ಹೆಪ್ಪು ಕೇಳಲು ಬಂದು ಎರಡು ಸಲ ಕೂಗಿ, ಉತ್ತರ ಬರದೆ, "ಒರು ಸೊಟ್ಟು ಮೋರ್ ಕೇಟ್ಟಾ ಇವ್ವಳವು ಗರ್ವಮಾ!" ಒಂದು ತೊಟ್ಟು ಮಜ್ಜಿಗೆ ಕೇಳಿದರೆ ಇಷ್ಟು ಗರ್ವವೇ ಎಂದು ಇಡೀ ಬೀದಿಗೆ ನಮ್ಮ ಗರ್ವವನ್ನು ಸಾರಿ ಹೋದಳು. ಮಗುವಾದ ನನಗೆ ಇದು ಪರಮಾನಂದ. ದಿನವೂ ಸಂಜೆ ಉಸಿರು ಬಿಗಿಹಿಡಿದು ಕೂರುವುದು, ಮೂರನೆಯ ಕೂಗು ಬಂದಾಗ ಕಿರುಚಿ ಓಡುವುದು.

ಮಾರ್ಗಶಿರದ ಒಂದು ಸಂಜೆ. ಅಮ್ಮ ಅಡಿಗೆಮನೆಯಲ್ಲಿದ್ದಳು, ಅಪ್ಪ ಇನ್ನೂ ಬಂದಿರಲಿಲ್ಲ. ಅಜ್ಜಿ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದಳು. ಅತ್ತೆ ಉಯ್ಯಾಲೆಯ ಕೆಳಗೆ ಕೂತು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದಳು; ನಾನು ಅವಳಿಗೆ ಹೂ ಜೋಡಿಸಿ ಕೊಡುತ್ತಿದ್ದೆ. ಎದುರು ಬೇವಿನ ಮರದಡಿಗೆ ಹೊಸದಾಗಿ ಬಂದಿದ್ದ ಇಸ್ತ್ರಿಯವನು ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ. ಕಿಟಕಿಯಿಂದ ಆ ವಾಸನೆ ಬಂತು. ಅದರ ಹಿಂದೆಯೇ ಗೇಟಿನ ಕಡೆಯಿಂದ ಗಂಡಸಿನ ಧ್ವನಿ.

"ಕಾವೇರೀ..."

ಕೊನೆಯಲ್ಲಿ ಸ್ವಲ್ಪ ಮೇಲಕ್ಕೆಳೆದು. ಅತ್ತೆಯ ಕೈಯ ಹೂ ನಿಂತಿತು. ಅವಳು ಅರ್ಧ ಎದ್ದಳು. ದೇವರ ಮನೆಯ ಹೊಸ್ತಿಲಲ್ಲಿ ಅಜ್ಜಿ ಬೆರಳು ಎತ್ತಿದಳು. ಮಾತಿಲ್ಲ, ಬರಿಯ ಬೆರಳು. ನನಗೆ ಎದೆ ಬಡಿಯತೊಡಗಿತು. ಆದರೆ ಅದು ಆಟದ ಬಡಿತ, ಇದು ಏನೆಂದು ನನಗೇನು ಗೊತ್ತು?

"ಕಾವೇರೀ..."

ಅತ್ತೆಯ ಬಾಯಿ ತೆರೆಯಿತು. 'ಓ' ಎಂಬುದು ಅದರೊಳಗೆ ರೂಪುಗೊಂಡು ನಿಂತಿದ್ದನ್ನು ನಾನು ನೋಡಿದೆ. ಅಜ್ಜಿಯ ಬೆರಳು ಇಳಿಯಲಿಲ್ಲ. ಇನ್ನೊಂದೇ ಕೂಗು, ಅಷ್ಟೇ ತಾನೆ? ನಾವು ಕಾದೆವು. ಅಡಿಗೆಮನೆಯಲ್ಲಿ ಅಮ್ಮ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು. ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು. ಮೂರನೆಯ ಕೂಗು ಬರಲಿಲ್ಲ.

ಹೂವೆಲ್ಲ ಚೆಲ್ಲಿಕೊಂಡು ಅತ್ತೆ ಓಡಿದಳು. ಗೇಟಿನ ಹೊರಗೆ ಯಾರೂ ಇರಲಿಲ್ಲ. ಇಸ್ತ್ರಿಯವನು ಯಾರದೋ ಅಂಗಿಯ ಕಾಲರಿನ ಮೇಲೆ ಬಾಗಿದ್ದ. ಅಷ್ಟರಲ್ಲಿ ಅಪ್ಪನೂ ಬಂದ, ಬೀದಿಯೂ ಸೇರಿತು. ಪಾಪದ ಆ ಮನುಷ್ಯನನ್ನು ಹೈಕೋರ್ಟಿನ ಸಾಕ್ಷಿಯ ಹಾಗೆ ಎಲ್ಲರೂ ಪ್ರಶ್ನಿಸಿದರು. ಬಂದವರು ಹೇಗಿದ್ದರು? "ಒರು ಅಯ್ಯರು ಮಾದಿರಿ ಇರುಂದಾರು ಸಾಮಿ." ಬ್ರಾಹ್ಮಣರ ಹಾಗೆ ಇದ್ದರಂತೆ, ಕೈಯಲ್ಲಿ ಒಂದು ಚೀಲವಿತ್ತಂತೆ. ವಯಸ್ಸು? ಇರಬಹುದು. ಎಷ್ಟು ಸಲ ಕರೆದರು? ಅವನು ಸುತ್ತ ನಿಂತ ಮುಖಗಳನ್ನೆಲ್ಲ ನೋಡಿದ. "ಕೂಪ್ಟಾರು, ನಿನ್ನಾರು, ಪೋಯ್ಟಾರು. ಇದಿಲೆ ಎನ್ನ ಕಣಕ್ಕು?" ಕರೆದರು, ನಿಂತರು, ಹೋದರು, ಇದರಲ್ಲಿ ಲೆಕ್ಕವೇನು ಬಂತು? ಪಾರ್ಕಿನ ಕಡೆ ಹೋದರೆಂದು ಅವನು ಕೈ ತೋರಿಸಿದ. ಅಪ್ಪ ಬುತ್ತಿಚೀಲದ ಸಮೇತ ಓಡಿದ. ಬಸ್ಸುಗಳನ್ನು ಹತ್ತಿಳಿದ, ಎಗ್ಮೋರಿನ ಸ್ಟೇಷನ್ನಿಗೂ ಹೋಗಿ ಬಂದ. ಎಲ್ಲೂ ಇಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಅಜ್ಜಿಯ ಪಕ್ಷದ ಪ್ರಕಾರ ಬಂದದ್ದು ಅದೇ. ಮೂರನೆಯ ಸಲ ಕರೆಯಲಿಲ್ಲವೆಂಬುದಕ್ಕಿಂತ ಬೇರೆ ಸಾಕ್ಷಿ ಬೇಕೆ? "ಇಸ್ತ್ರಿಯವನು ಕಣ್ಣಾರೆ ಕಂಡಿದ್ದಾನಲ್ಲಮ್ಮಾ," ಎಂದ ಅಪ್ಪ. "ಕಂಡ್ರೆ? ಸಿನಿಮಾದಲ್ಲಿ ಆ ನಾಯಿಗೂ ಏನೋ ಕಂಡಿತ್ತು," ಎಂದಳು ಅಜ್ಜಿ. ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಅತ್ತೆ, ಅಕ್ಕಿ ಆರಿಸುತ್ತ ಕೂತಿದ್ದಾಗ, ಮೊರದಿಂದ ತಲೆಯೆತ್ತದೆ ಅಜ್ಜಿಯನ್ನು ಕೇಳಿದಳು.

"ಬಂದಿದ್ದು ಅದೇ ಅಂತೀಯಲ್ಲಮ್ಮಾ, ಹಾಗಾದ್ರೆ ಅವರು ಸತ್ತಿದ್ದಾರೆ ಅಂತ ಆಯ್ತು. ಅಲ್ವಾ? ಆ ಪೈಪಿನವನು ಹೇಳಲಿಲ್ವಾ? ಹೇಳಿಬಿಡು. ನಾಳೆನೇ ಬಳೆ ತೆಗೆದಿಡ್ತೀನಿ."

ಅಜ್ಜಿ ಮೆಲ್ಲಗೆ, "ಅವರೇ ಬಂದಿದ್ದು ಅಂದ್ರೆ?" ಎಂದಳು.

"ಅವರೇ ಆದ್ರೆ," ಎಂದು ಅತ್ತೆ ಒಂದು ಕಲ್ಲು ಆರಿಸಿ ಹಾಕಿದಳು, "ಹೆಂಡತಿ ಓಗೊಡಲಿಲ್ಲ ಅಂತ ಹೋಗಿಬಿಟ್ರು."

ಅತ್ತೆಯ ಮುಂದಿದ್ದ ದಾರಿ ಇವೆರಡೇ. ಒಂದರಲ್ಲಿ ಅವಳದೇನೂ ತಪ್ಪಿಲ್ಲ, ಆದರೆ ಗಂಡನಿಲ್ಲ, ಬಳೆಯಿಲ್ಲ, ಕೂದಲಿಲ್ಲ. ಇನ್ನೊಂದರಲ್ಲಿ ಎಲ್ಲವೂ ಉಳಿಯುತ್ತದೆ. ಜೊತೆಗೆ, ಬಾಯಿಯವರೆಗೂ ಬಂದು ಹೊರಬೀಳದ ಆ 'ಓ' ಕೂಡ ಉಳಿಯುತ್ತದೆ, ಸಾಯುವವರೆಗೆ. ಅವಳು ಎರಡನೆಯದನ್ನು ಆರಿಸಿಕೊಂಡಳು. ಬಂದವರು ಅವರೇ ಎಂದು ಅಂದಿನಿಂದ ಬಂದಬಂದವರಿಗೆಲ್ಲ ಹೇಳತೊಡಗಿದಳು.

ಆದರೆ ಅವಳು ಹೇಳಿದರೆ ಸಾಕೆ? ಪುಷ್ಯ ಮಾಸ ಹುಟ್ಟಿತು, ಆಚಾರ್ರು ಪಂಚಾಂಗ ಹಿಡಿದು ಬಂದರು. ಉಯ್ಯಾಲೆಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡರು. ಅಪ್ಪ ಕಂಬಕ್ಕೊರಗಿ ನಿಂತಿದ್ದ. ಅತ್ತೆ ನಡುಬಾಗಿಲ ಹಿಂದೆ, ನಾನು ಅವಳ ಸೆರಗಿನ ಹಿಂದೆ.

"ನೋಡಿ ಅಮ್ಮಾ," ಎಂದರು ಆಚಾರ್ರು ಅಜ್ಜಿಗೆ, "ಹುಡುಗಿ ಹೇಳೋದು ನಾನು ಇಲ್ಲ ಅನ್ನಲ್ಲ. ಆದ್ರೆ ಬಳೆ ಉಳಿಸ್ಕೊಳ್ಳೋಕೆ ಹೇಳ್ತಾಳೆ ಅಂತ ನಾಳೆ ನಾಲ್ಕು ಜನ ಅಂತಾರೆ. ಇಸ್ತ್ರಿಯವನಿಗೆ ನಿಮ್ಮ ಅಳಿಯಂದಿರ ಮುಖವೇ ಗೊತ್ತಿಲ್ಲ. ಮಗು ಲೆಕ್ಕಕ್ಕಿಲ್ಲ. ಕಿವಿಯಾರೆ ಕೇಳಿದೋರು ಇನ್ನು ನೀವೊಬ್ಬರೇ. ನೀವೇ ಅದು ಬೇರೆ ಅಂತ ಹೇಳ್ತಿದ್ದೀರಂತೆ. ಹಾಗಾದ್ರೆ ಮುಂದಿನ ಕಾರ್ಯ..."

ಅಜ್ಜಿ ಸೆರಗನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. ನೆಲ ನೋಡುತ್ತಿದ್ದವಳು ತಲೆಯೆತ್ತಿ ನಡುಬಾಗಿಲ ಕಡೆ ನೋಡಿದಳು. ಅಲ್ಲಿ ಅತ್ತೆಯ ಜಡೆಯ ತುದಿ ಮಾತ್ರ ಕಾಣುತ್ತಿತ್ತು.

"ಬೇರೆ ಅಂತ ಯಾರು ಹೇಳಿದ್ದು? ಮುದುಕಿ ಬಾಯಿಗೆ ಬಂದದ್ದೆಲ್ಲ ಶಾಸ್ತ್ರನಾ ಆಚಾರ್ರೆ?" ಎಂದಳು. "ಗೇಟಲ್ಲಿ ನಿಂತು ಹೆಂಡ್ತಿ ಹೆಸರು ಹಿಡಿದು ಊರಿಗೆಲ್ಲ ಕೇಳೋ ಹಾಗೆ ಕೂಗೋ ಗಂಡಸು ಈ ಮದ್ರಾಸಲ್ಲಿ ಇನ್ನೊಬ್ಬ ಇದ್ರೆ ತೋರ್ಸಿ. ಅಳಿಯಂದಿರೇ ಬಂದಿದ್ರು. ಅವಳು ಏಳ್ತಿದ್ಲು; ನಾನೇ ಬೆರಳು ಎತ್ತಿ ನಿಲ್ಲಿಸ್ದೆ. ರೋಷದ ಮನುಷ್ಯ, ಹೊರಟುಹೋದ್ರು. ತಪ್ಪು ನಂದು. ನಿಮ್ಮ ಹನ್ನೆರಡು ವರ್ಷ ಇದೆಯಲ್ಲ, ಅದನ್ನ ಈ ಮಾರ್ಗಶಿರದಿಂದ ಹೊಸದಾಗಿ ಎಣಿಸ್ಕೊಳ್ಳಿ. ಕಾಫಿ ಆರ್ತಿದೆ, ಕುಡೀರಿ."

ಆಚಾರ್ರು ಕಾಫಿ ಕುಡಿದರು. ಪಂಚಾಂಗ ಮಡಿಸಿದರು. ಗೇಟು ದಾಟಿ ಹೋದರು. ನಡುಬಾಗಿಲ ಹಿಂದೆ ಅತ್ತೆ ಅಳುತ್ತಿರಲಿಲ್ಲ. ಗೋಡೆಗೆ ಹಣೆಯಿಟ್ಟು ನಿಂತಿದ್ದಳು.

ಇಲ್ಲಿಗೆ ಮುಗಿಸಿದ್ದರೆ ಇದು ಒಂದು ಅಜ್ಜಿಯ ಕಥೆಯಾಗಿ ನೆಮ್ಮದಿ ಕೊಡುತ್ತಿತ್ತು. ಆದರೆ ಆ ಸಂಜೆ ನಾನು ಕಾಲು ತೊಳೆಯಲು ಹಿತ್ತಿಲಿಗೆ ಹೋದೆ. ಬಾವಿಕಟ್ಟೆಯ ಹತ್ತಿರ ಅಜ್ಜಿ ನಿಂತಿದ್ದಳು. ಕೊಡ ಸೇದಿ, ಉಟ್ಟ ಸೀರೆಯಲ್ಲೇ, ತಲೆಯ ಮೇಲಿನಿಂದ ಸುರಿದುಕೊಂಡಳು. ಮತ್ತೊಂದು ಕೊಡ ಸೇದಿದಳು. ಪುಷ್ಯದ ಸಂಜೆಯ ಬಾವಿನೀರು ಎಷ್ಟು ತಣ್ಣಗಿರುತ್ತದೆಂದರೆ ಮದ್ರಾಸಿನಲ್ಲೂ ಹಲ್ಲು ಕಟಕಟಿಸುತ್ತವೆ. ನಾನು ಚಿಕ್ಕವಳಾದರೂ ನಮ್ಮ ಮನೆಯ ಮಗು. ಉಟ್ಟ ಬಟ್ಟೆಯಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ತಲೆಯ ಮೇಲೆ ನೀರು ಸುರಿದುಕೊಳ್ಳುವುದು ಯಾವಾಗ ಎಂದು ನನಗೆ ಗೊತ್ತಿತ್ತು. ಹತ್ತಿರದ ನೆಂಟರು ಸತ್ತ ಸುದ್ದಿ ಬಂದಾಗ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ಹಿಂದಿನಿಂದ ಅತ್ತೆ ಬಂದಳು. ಅವಳ ಕೈಯಲ್ಲಿ ಒಣಬಟ್ಟೆ ಇತ್ತು. ತಾಯಿ ಏನು ಮಾಡುತ್ತಾಳೆಂದು ಅವಳಿಗೆ ಮೊದಲೇ ತಿಳಿದಿದ್ದ ಹಾಗೆ.

"ಸೆಕೆ ಕಣೇ," ಎಂದಳು ಅಜ್ಜಿ, ನಡುಗುತ್ತ.

"ಹೌದಮ್ಮಾ, ಸೆಕೆ," ಎಂದಳು ಅತ್ತೆ. ಬಟ್ಟೆ ಕೊಟ್ಟು ಒಳಗೆ ಹೋದಳು. ಅವರಿಬ್ಬರೂ ಆ ವಿಷಯ ಮತ್ತೆ ಎತ್ತಿದ್ದನ್ನು ನಾನು ಕೇಳಲಿಲ್ಲ. ಮೂರನೆಯ ಕೂಗಿನ ಕಟ್ಟಳೆಯನ್ನೂ ಯಾರೂ ರದ್ದು ಮಾಡಲಿಲ್ಲ. ಅದು ತಾನೇ ಹೋಯಿತು. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಅತ್ತೆ ಹೂವಿನ ಬುಟ್ಟಿ ತೆಗೆದುಕೊಂಡು ಜಗಲಿಗೆ ಬಂದು ಕೂರುತ್ತಿದ್ದಳು, ಗೇಟಿಗೆ ಎದುರಾಗಿ. ಯಾರೂ ಕರೆಯುವ ಅಗತ್ಯವೇ ಬೀಳದಿರಲಿ ಎಂದು.

ಆ ಸಿನಿಮಾ ಮತ್ತೆ ಮತ್ತೆ ಬರುತ್ತಿತ್ತು. ಹೊಸತಿಲ್ಲದ ವಾರ ಥಿಯೇಟರಿನವರು ಭಾನುವಾರದ ಬೆಳಗಿನ ಆಟಕ್ಕೆ ಅದನ್ನು ಹಾಕುತ್ತಿದ್ದರು. ಪೇಪರಿನ ಮೂಲೆಯಲ್ಲಿ ಚಿತ್ರ ಕಂಡ ಕೂಡಲೇ ಅತ್ತೆ, "ಏನ್ ಡೀ ಪದ್ದು, ಬರ್ತೀಯಾ?" ಎನ್ನುತ್ತಿದ್ದಳು. ಲಂಗ ತೊಟ್ಟಾಗ ಹೋದೆ, ದಾವಣಿ ಹಾಕಿದಾಗ ಹೋದೆ, ಕಾಲೇಜು ಸೇರಿದ ಮೇಲೂ ಹೋದೆ. ರೀಲು ಸವೆದು ಮಂಜಿನ ಮೇಲೆ ಮಳೆ ಬೀಳತೊಡಗಿತು. ಹೊಸ ಕಾಲದ ಹುಡುಗರು ಹೆದರುವ ಬದಲು ಸೀಟಿ ಹೊಡೆಯತೊಡಗಿದರು. ಸೈನ್ಯ ಬರುವ ಹೊತ್ತಿಗೆ ಅತ್ತೆ ಎದ್ದುಬಿಡುತ್ತಿದ್ದಳು. ಅವಳಿಗೆ ಬೇಕಾದದ್ದು ಆ ಒಂದು ಭಾಗ. ಅಡಿಗೆಬಟ್ಟೆ ಮಡಿಸುವುದು, ಕನ್ನಡಿ, ಕೂದಲು. ಒಮ್ಮೆ ಮಾತ್ರ, ಹೊರಗೆ ಬಿಸಿಲಿಗೆ ಬಂದ ಮೇಲೆ, ಕಣ್ಣು ಕಿರಿದು ಮಾಡಿಕೊಂಡು ಹೇಳಿದಳು: "ಅವಳಿಗೆ ಗೊತ್ತಿತ್ತು ಕಣೇ. ಹೊರಗೆ ಇರೋದು ಅವನಲ್ಲ ಅಂತ ಚೆನ್ನಾಗೇ ಗೊತ್ತಿತ್ತು. ಆದ್ರೂ ಓಗೊಟ್ಟಳು."

ಲೋಕ ಆ ಸಿನಿಮಾವನ್ನು ಇನ್ನೂ ಯಾಕೆ ನೋಡುತ್ತದೆಂದು ದೊಡ್ಡ ದೊಡ್ಡವರು ಬರೆದಿದ್ದಾರೆ. ಯುದ್ಧದ ಭಯ ಎನ್ನುತ್ತಾರೆ, ಪರಕೀಯರ ಭಯ ಎನ್ನುತ್ತಾರೆ. ಇರಬಹುದು. ಕರೆದದ್ದು ಯಾರೆಂದು ತಿಳಿದೂ ಓಗೊಡಬೇಕೆನಿಸುವ ಧ್ವನಿ ಒಂದೊಂದು ಮನೆಗೂ ಒಂದೊಂದಿರುತ್ತದೆಂದು ಮಾತ್ರ ನಾನು ಬಲ್ಲೆ.

ಅಜ್ಜಿ ಕೆಲವು ವರ್ಷಗಳಲ್ಲಿ ಹೋದಳು. ಆಚಾರ್ರೂ ಹೋದರು. ಹೊಸ ಲೆಕ್ಕದ ಹನ್ನೆರಡು ವರ್ಷ ಮುಗಿಯುವ ಹೊತ್ತಿಗೆ ಅದನ್ನು ನೆನಪಿಸುವ ಪುರೋಹಿತರೇ ಉಳಿದಿರಲಿಲ್ಲ. ಅತ್ತೆ ಕೂದಲು ನರೆತು, ಬಳೆಗಳ ಒಳಗೆ ಕೈ ಸಣ್ಣಗಾಗಿ, ಮುತ್ತೈದೆಯಾಗಿಯೇ ಹೋದಳು. ಕುಂಕುಮವಿಟ್ಟು ಕಳಿಸಿದೆವು. ಮನೆಯಿದ್ದ ಜಾಗದಲ್ಲಿ ಈಗ ಬಟ್ಟೆಯಂಗಡಿಯಿದೆ. ಒಮ್ಮೆ ಅಲ್ಲಿ ಸೀರೆ ನೋಡುತ್ತ ಬಾವಿ ಎಲ್ಲಿ ಬರುತ್ತದೆಂದು ಲೆಕ್ಕ ಹಾಕಿದೆ. ರವಿಕೆ ಕಣದ ಕೌಂಟರಿನ ಹತ್ತಿರ.

ಮೊನ್ನೆ, ಅಜ್ಜಿಯನ್ನು ತಮಿಳಿನಲ್ಲಿ 'ಪಾಟಿ' ಎಂದೇ ಕರೆಯುವ ನನ್ನ ಮೊಮ್ಮಗ ತನ್ನ ಕಂಪ್ಯೂಟರಿನಲ್ಲಿ ಆ ಸಿನಿಮಾ ಹುಡುಕಿ ತೆಗೆದ. "ಪಾಟಿ, ಇದ್ಕಾ ನೀವು ಅಷ್ಟು ಹೆದರಿದ್ದು? ಸೆಮ ಕಾಮಿಡಿ!" ಭಾರಿ ತಮಾಷೆ ಎಂದು ಮಂಜನ್ನು ನೋಡಿ ನಕ್ಕ. ಆಕಾಶದಿಂದ ಬಿದ್ದದ್ದು ದಾರದಲ್ಲಿ ಕಟ್ಟಿದ ಪಟಾಕಿಯೆಂಬುದು ನನಗೂ ಈ ಸಲ ಕಾಣಿಸಿತು. ಸಂಜೆಯಾಗುತ್ತಿತ್ತು. ಕೆಳಗಿನಿಂದ ಇಸ್ತ್ರಿಯ ವಾಸನೆ ಹತ್ತತೊಡಗಿತ್ತು. ದೀಪಸ್ತಂಭದ ಹೆಂಗಸು ಮೇಜಿನ ಮುಂದೆ ಕೂತಳು. ಧ್ವನಿ ಕರೆಯಿತು. ಅವಳು ಎದ್ದಳು, ಬಟ್ಟೆ ಮಡಿಸಿದಳು, ಕೂದಲು ಸರಿಮಾಡಿಕೊಂಡಳು, ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಮೊಮ್ಮಗನಿಗೆ ಬಾಯಾರಿಕೆಯಾಯಿತು. "ಒನ್ ಮಿನಿಟ್ ಪಾಟಿ," ಎಂದು ಸಿನಿಮಾ ನಿಲ್ಲಿಸಿ ಅಡಿಗೆಮನೆಗೆ ಹೋದ.

ಅವಳು ಹಾಗೇ ನಿಂತಿದ್ದಳು, ಮಾತು ತುಟಿಯವರೆಗೆ ಬಂದು, ಬಾಯಿ ತೆರೆದುಕೊಂಡು. ಅಂದು ಉಯ್ಯಾಲೆಯ ಕೆಳಗೆ, ಚೆಲ್ಲಲಿದ್ದ ಹೂವಿನ ನಡುವೆ ಅರ್ಧ ಎದ್ದಿದ್ದವಳ ಹಾಗೆಯೇ. ಮನೆಯಲ್ಲಿ ಯಾರೂ ಇನ್ನೂ ದೀಪ ಹಾಕಿರಲಿಲ್ಲ. ನಾನು ಬಾಗಿಲ ಕಡೆ ತಿರುಗಿ, ಮಗುವಿಗೆ ಕೇಳಿಸದಷ್ಟು ಮೆಲ್ಲಗೆ, "ಓ, ಬಂದೆ," ಅಂದೆ.